ಕೊಟ್ರೇಶಿಯ ವಾರದ ರಜೆ

ಕೇಳ್ರಪ್ಪಾ, ಕೇಳ್ರವ್ವಾ! ನಗೋದಾದ್ರೆ ಮೆಲ್ಲಗೆ ನಗ್ರಿ. ಕೆಂಚವ್ವನ ಕಿವಿಗೆ ಬಿದ್ರೆ ನನ್ನನ್ನೂ ಸೇರಿಸಿ ಬೈತಾಳೆ.

ಈ ಕೆಂಚವ್ವ ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯ ಮುಂದೆ ಕೂತು ಕೂತು ಹೊಗೆ ಕುಡಿದವಳು. ರಾತ್ರಿಯೆಲ್ಲ ಕೆಮ್ಮು. ಡಾಕ್ಟರು ಹೇಳಿಬಿಟ್ಟರು: "ಅಮ್ಮಾ, ಆ ಹೊಗೆ ಬಿಟ್ಟರೆ ಉಳೀತೀಯ, ಇಲ್ಲಾಂದ್ರೆ ಇಲ್ಲ." ಬಿಡುವುದು ಹೇಗೆ? ಮಗ ಕೊಟ್ರೇಶಿ ಒಂದು ಕೆಲಸಕ್ಕೆ ನಿಂತರೆ ಬಿಡಬಹುದು. ಮಗ ಆಳು ಎತ್ತರ ಬೆಳೆದಿದ್ದ. ತಲೆ ಮಾತ್ರ ಖಾಲಿ! ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದ್ದ, ಅದೇ ರೋಗ.

"ಹೋಗಲೇ, ಕೆಲಸ ಹುಡುಕ್ಕೊ! ಕೆಲಸಕ್ಕೆ ನಿಂತ ಮ್ಯಾಲೆ ಕೈ ನಿಲ್ಲಿಸ್ಬ್ಯಾಡ!" ಅಂದಳು.

"ಆತು ಬಿಡವ್ವಾ, ನಿಲ್ಸಂಗಿಲ್ಲ!"

ಬೆಣ್ಣೆದೋಸೆ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ ಸಿಕ್ಕಿತು. ಒರೆಸಿದ, ಒರೆಸಿದ, ಎಲ್ಲಾ ಟೇಬಲ್ ಒರೆಸಿದ. ಕೈ ನಿಲ್ಲಿಸಬಾರದಲ್ಲ! ಗಿರಾಕಿ ಬಂದು ಕೂತ, ಒರೆಸಿದ. ದೋಸೆ ಬಂತು, ದೋಸೆ ಸಮೇತ ಒರೆಸಿದ. ಬೆಣ್ಣೆ, ಪಲ್ಯ, ಚಟ್ನಿ ಎಲ್ಲಾ ಬಕೆಟ್ಟಿಗೆ! "ಏಯ್, ನನ್ನ ದೋಸೆ!" "ಏಯ್, ನಂದೂ!" ಕೊಟ್ರೇಶಿ ತಲೆ ಎತ್ತಲಿಲ್ಲ. ಬೆಳಗಿನಿಂದ ಒಂದು ತುತ್ತು ತಿನ್ನದೆ ಒರೆಸುತ್ತಲೇ ಇದ್ದವನು ಕಡೆಗೆ ತಲೆ ಸುತ್ತಿ ಅದೇ ಬಕೆಟ್ಟಿನ ಮೇಲೆ ಬಿದ್ದ. ಮಾಲಕ ಎಬ್ಬಿಸಿ, ನೀರು ಕುಡಿಸಿ, ಆಚೆ ಹಾಕಿದ.

"ಅಯ್ಯೋ ಮಂಕೇ! ಊಟನೂ ಮಾಡ್ದೆ ದುಡೀತಾರೇನಲೇ?" ಅಂದಳು ಕೆಂಚವ್ವ. "ಊಟದ ಬಿಡುವು ದುಡಿಯೋರ ಹಕ್ಕು! ಯಾರ ಅಪ್ಪಂದೂ ಅಲ್ಲ! ಊಟದ ಹೊತ್ತಾತು ಅಂದ್ರೆ ಕೈಯಾಗ ಇದ್ದಿದ್ದು ಬಿಟ್ಟು ಕೂತ್ಕೊ!"

"ಆತು ಬಿಡವ್ವಾ, ಬಿಟ್ಟು ಕೂತ್ಕಂತೀನಿ!"

ಎರಡನೆಯ ಕೆಲಸ ಪೇಂಟರ್ ದಾದಾಪೀರನ ಹತ್ತಿರ. ಅವನು ಎತ್ತರದ ಗೋಡೆಗೆ ಬಣ್ಣ ಬಳಿಯಲು ಹಲಗೆ ತೂಗುಹಾಕಿಕೊಂಡು ಮೇಲೆ ಕೂತಿದ್ದ. ಹಲಗೆಯ ಹಗ್ಗ ಕೆಳಗೆ ಕೊಟ್ರೇಶಿಯ ಕೈಯಲ್ಲಿತ್ತು. ಗಟ್ಟಿಯಾಗಿಯೇ ಹಿಡಿದಿದ್ದ ಪಾಪ. ಅಷ್ಟರಲ್ಲಿ ಮಧ್ಯಾಹ್ನದ ಸೈರನ್ ಕೂಗಿತು. ಕೊಟ್ರೇಶಿ ಹಗ್ಗ ಬಿಟ್ಟ, ಕೂತ, ಬುತ್ತಿ ಬಿಚ್ಚಿದ.

"ಯಾ ಅಲ್ಲಾ!" ದಾದಾಪೀರ್ ಸರ್ರನೆ ಜಾರಿ ಕಿಟಕಿಯ ಸರಳು ಹಿಡಿದು ನೇತಾಡಿದ. "ಹಗ್ಗ! ಲೇ, ಹಗ್ಗ!"

"ಈಗ ಬಿಡುವು ಅಣ್ಣಾ. ನೀನೂ ಉಣ್ಣು. ಹಕ್ಕು ನಿಂಗೂ ಐತಿ."

ದಾರಿಹೋಕರು ಏಣಿ ತಂದು ಇಳಿಸಿದರು. ಇಳಿದವನು ಮೊದಲು ಮಾಡಿದ ಕೆಲಸ, ಉಳಿದ ಬಣ್ಣವನ್ನು ಕೊಟ್ರೇಶಿಯ ತಲೆಗೆ ಸುರಿದದ್ದು. ಹಸಿರು ಬಣ್ಣದ ಮಗ ಮನೆಗೆ ಬಂದ. ಕೆಂಚವ್ವನಿಗೆ ಅಳು ಬಂತು.

"ಮನುಷ್ಯನ ಜೀವ ಕೈಯಾಗ ಇದ್ದಾಗ ಬಿಡ್ತಾರೇನಲೇ! ಒಡೇರು ಕೈಗೆ ಕೊಟ್ಟಿದ್ದನ್ನ, ಅವ್ರೇ ಬಿಡು ಅನ್ನೋತನ್ಕ ಬಿಡಬ್ಯಾಡ!"

"ಆತು ಬಿಡವ್ವಾ, ಬಿಡಂಗಿಲ್ಲ!"

ಮೂರನೆಯದು ನಿಂಗರಾಜನ ಸಲೂನು. ಅಲ್ಲಿ ಕೆಲವು ವಾರ ಹೇಗೋ ನಡೆಯಿತು. ಕೆಂಚವ್ವ ಭಟ್ಟಿ ಬಿಡುವ ಮಾತೂ ಆಡಿದಳು. ಒಂದು ದಿನ ಒಬ್ಬ ಮದುಮಗ ಬಂದು ಕೂತ. ರಾತ್ರಿಯೆಲ್ಲ ನಿದ್ದೆಗೆಟ್ಟವನು, ಕುರ್ಚಿಯಲ್ಲೇ ತೂಕಡಿಸುತ್ತಿದ್ದ. "ಇವ್ರ ತಲೆ ನೆಟ್ಟಗೆ ಹಿಡ್ಕೊ, ನೀರು ತರ್ತೀನಿ," ಅಂತ ನಿಂಗರಾಜ ಹೋದ. ಹಿಡಿದ! ನಲ್ಲಿಯ ಮುಂದೆ ಸಾಲು, ನಿಂಗರಾಜ ಬರಲಿಲ್ಲ. ಬೀಗರು ಬಂದರು. "ಮುಹೂರ್ತ ಮೀರ್ತು! ಏಳಪ್ಪಾ!" ಮದುಮಗ ಎದ್ದ. ತಲೆಯ ಜೊತೆ ಕೊಟ್ರೇಶಿಯೂ ಹೊರಟ.

"ಬಿಡೋ!"

"ಬಿಡಂಗಿಲ್ಲ! ಒಡೇರು ಹೇಳ್ಬೇಕು!"

ಎಳೆದರು, ಗುದ್ದಿದರು, ಬಿಡಲಿಲ್ಲ. ಮಂಟಪಕ್ಕೂ ಹೋದ. ಅಕ್ಷತೆ ಅವನ ಮೇಲೂ ಬಿತ್ತು. ತಾಳಿ ಕಟ್ಟುವ ಫೋಟೋದಲ್ಲಿ ಮದುಮಗನ ಎರಡು ಕಿವಿಯ ಮೇಲೂ ಕೊಟ್ರೇಶಿಯ ಕೈ! ಕಡೆಗೆ ನಿಂಗರಾಜ ಓಡೋಡಿ ಬಂದು, "ಬಿಡಲೇ! ತಲೆನೂ ಬಿಡು, ನನ್ನ ಅಂಗಡಿನೂ ಬಿಡು!" ಅಂದ. ಎರಡನ್ನೂ ಬಿಟ್ಟು ಬಂದ.

ಕೆಂಚವ್ವ ಹಣೆ ಹಣೆ ಬಡಿದುಕೊಂಡಳು. "ಅಲ್ಲಲೇ, ಮೊದ್ಲು ಇಷ್ಟು ಪೆದ್ದ ಇರ್ಲಿಲ್ಲಲ್ಲೋ! ಮಂಗಳವಾರ ಊರಿನ ಸಲೂನೆಲ್ಲ ಮುಚ್ಚಿರ್ತಾವೆ, ಆ ನಿಂಗರಾಜ ನಿಂಗೆ ರಜೆ ಕೊಡ್ತಿದ್ನೇನು?"

"ಇಲ್ಲವ್ವಾ. ಬಾಗ್ಲು ಅರ್ಧ ಎಳ್ದು ಕೆಲಸ ಮಾಡಿಸ್ತಿದ್ದ."

"ಅದಕ್ಕೇ! ಇದ್ದ ಒಂಚೂರು ಬುದ್ಧಿನೂ ಒಣಗಿಹೋತು! ಕೇಳಬಾರ್ದಾ? ಮೊದ್ಲು ಬಾಯಿಬಿಟ್ಟು ರಜೆ ಕೇಳ್ಬೇಕು! ದುಡಿಯೋರಿಗೆ ವಾರದ ರಜೆ ಇಲ್ದಿರೋ ಜಾಗದಾಗ ಒಂದು ಗಳಿಗೆ ನಿಲ್ಲಬ್ಯಾಡ! ಎದ್ದು ಬಂದ್ಬಿಡು!"

"ಆತು ಬಿಡವ್ವಾ, ನಿಲ್ಲಂಗಿಲ್ಲ!"

ಇನ್ನು ಉಳಿದಿದ್ದು ಗಿರಿಜಕ್ಕನ ಖಾನಾವಳಿ ಒಂದೇ. ಬೇರೆ ಯಾರೂ ಈ ಪೆದ್ದನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕೆಂಚವ್ವ ತಾನೇ ಹೋಗಿ ಗೋಗರೆದು ಬಂದಿದ್ದಳು. ಗಿರಿಜಕ್ಕ ಒಳ್ಳೆಯವಳು. ಹೊತ್ತಿಗೆ ಊಟ, ತಿಂಗಳಿಗೆ ಪಗಾರ, ಕಾಗದದ ಮೇಲೆ ಬರೆದುಕೊಡುವ ಪದ್ಧತಿ. ಇಂಥ ಕೆಲಸ ನಿಮಗೆ ಸಿಗುತ್ತಾ? ನನಗೆ ಸಿಗುತ್ತಾ? ಈ ಪುಣ್ಯಾತ್ಮನಿಗೆ ಸಿಕ್ಕಿತ್ತು!

"ಅಕ್ಕಾ, ವಾರದ ರಜೆ ಐತೇನು?"

"ಐತಪ್ಪಾ. ವಾರಕ್ಕೊಂದು ದಿನ."

"ಎಲ್ರಿಗೂ?"

"ಸರದಿ ಮ್ಯಾಲೆ ಎಲ್ರಿಗೂ."

"ನಿಮಗೆ?"

ಗಿರಿಜಕ್ಕ ನಕ್ಕುಬಿಟ್ಟಳು. "ನಂಗೆಲ್ಲಿ ರಜೆ ತಮ್ಮಾ! ನಾನು ಮಾಲಕಿ. ನಾನು ಕೂತ್ರೆ ಒಲೆ ಕೂತಂಗೆ."

ಕೊಟ್ರೇಶಿ ಎದ್ದು ನಿಂತ. "ದುಡಿಯೋರಿಗೆ ರಜೆ ಇಲ್ಲದ ಜಾಗ ಇದು! ನಾ ಒಲ್ಲೆ!" ಗಿರಿಜಕ್ಕ ಹಿಂದಿನಿಂದ ಕರೆದಳು, ಕರೆದೇ ಕರೆದಳು. ತಿರುಗಿ ನೋಡಿದರೆ ಕೇಳಿ!

ಸುದ್ದಿ ಕೇಳಿ ಕೆಂಚವ್ವ ಬೈಯಲೂ ಇಲ್ಲ. ಬೈದು ಬೈದು ಗಂಟಲು ಸೋತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು, ಕಣ್ಣು ಒರೆಸಿಕೊಂಡಳು. "ಆತು. ನಾನು ಸಾಯೋತನ್ಕ ಭಟ್ಟೀನೇ ಗತಿ," ಅಂದಳು.

"ಅವ್ವಾ, ಭಟ್ಟಿಯಾಗ ನಿಂಗೆ ವಾರದ ರಜೆ ಐತೇನು?"

"ನನ್ನ ಜನ್ಮಕ್ಕೆ ರಜೆ ಬೇರೆ ಕೇಡು! ಹೋಗಲೇ ಆಚೆ!"

ಹೋದ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ, ಹಲ್ಲು ಕಿಸಿಯುತ್ತಾ ಬಂದ.

"ಅವ್ವಾ! ಭಟ್ಟಿ ಸಾಹುಕಾರಂಗೆ ಹೇಳಿ ಬಂದೆ! ರಜೆ ಇಲ್ಲದ ಜಾಗದಾಗ ನಮ್ಮವ್ವ ಒಂದು ಗಳಿಗೆ ನಿಲ್ಲಂಗಿಲ್ಲ, ಇನ್ನು ಬರಂಗಿಲ್ಲ ಅಂತ!"

ಕೆಂಚವ್ವ ದಡಕ್ಕನೆ ಎದ್ದಳು. "ಅವನೇನಂದ?"

"ಛಲೋ ಆತು ಅಂದ. ನಿನ್ನ ಜಾಗದಾಗ ಬ್ಯಾರೆಯಾಕಿನ್ನ ಕೂರ್ಸೇಬಿಟ್ಟ!"

ಕೆಂಚವ್ವ ಮೂಲೆಯ ಪೊರಕೆ ಎಳೆದುಕೊಂಡಳು. ಎತ್ತಿದಳು. ಕೊಟ್ರೇಶಿ ಗಾಬರಿಯಾಗಿ ಅವಳ ಕೈ ಹಿಡಿದುಕೊಂಡ.

"ಬ್ಯಾಡವ್ವಾ, ಬ್ಯಾಡ! ಇವತ್ತು ನಿಂಗೆ ರಜೆ! ಹೊಡಿಯೋದೂ ಕೆಲಸಾನೇ ಅಲ್ವಾ? ನೀ ಕೂತ್ಕೊ, ನಾ ಹೊಡ್ಕಂತೀನಿ!"

ಅವ್ವನನ್ನು ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿದ. ಪೊರಕೆ ತಗೊಂಡ. ತನ್ನ ಬೆನ್ನಿಗೆ ತಾನೇ ಬಾರಿಸಿಕೊಂಡ, ಒಂದೊಂದು ಏಟಿಗೂ ನಿಂತು ಕೇಳಿದ:

"ಅವ್ವಾ, ನೀನಾಗಿದ್ರೆ ಇನ್ನೂ ಜೋರಾಗಿ ಹೊಡೀತಿದ್ಯೇನು?"