ಮೂರನೇ ಸಲ ತಟ್ಟುವವರೆಗೆ

"ಗುರುಗಳೇ, ಈ ಕರಿಬಸಪ್ಪ ಯಾರು?"

ಶಿಷ್ಯ ಹೀಗೆ ಕೇಳಿದ್ದು ಡೋಜೊದ ಬಾಗಿಲ ಬಳಿ ನಿಂತು. ಐಕಿಡೊ ಎಂಬ ಜಪಾನಿನ ಆತ್ಮರಕ್ಷಣೆಯ ವಿದ್ಯೆ ಕಲಿಸುವ ಆ ಮನೆಯ ಬಾಗಿಲಲ್ಲಿ ಒಂದು ಹಲಗೆ ಇತ್ತು. ಅದರ ಮೇಲೆ ಪ್ರತಿ ಶಿಕ್ಷಕನ ಹೆಸರು, ಹೆಸರಿನ ಮುಂದೆ ಅವನು ಯಾರ ಬಳಿ ಎಷ್ಟು ವರ್ಷ ಕಲಿತ ಎಂಬ ವಿವರ. ಶಿಷ್ಯ ಅಂದು ಬೆಳಿಗ್ಗೆ ಮೊದಲ ಸಲ ಹೊಸಬರಿಗೆ ಪಾಠ ಮಾಡಿದ್ದ. ಗುರುಗಳು ಮೂಲೆಯಲ್ಲಿ ಕೂತು ನೋಡಿದ್ದರು. ಹೊಸಬರಲ್ಲಿ ಒಬ್ಬ ಹೆಣ್ಣುಮಗಳು ಮೊಣಕೈ ಉಜ್ಜಿಕೊಳ್ಳುತ್ತ ಹೋಗಿದ್ದಳು. ಪಾಠ ಮುಗಿದ ಮೇಲೆ ಶಿಷ್ಯ ತನ್ನ ಹೆಸರನ್ನೂ ಹಲಗೆಗೆ ಸೇರಿಸಲು ಬಂದಿದ್ದ.

"ಉಳಿದವರಿಗೆಲ್ಲ ದೊಡ್ಡ ದೊಡ್ಡ ಗುರುಗಳ ಹೆಸರಿದೆ. ನಿಮ್ಮ ಹೆಸರಿನ ಮುಂದೆ ಇದೊಂದೇ. ಎಷ್ಟು ವರ್ಷ ಎಂದೂ ಇಲ್ಲ. ಇವರ ಹೆಸರನ್ನು ನಾನು ಎಲ್ಲೂ ಕೇಳಿಲ್ಲ."

"ಹಲಗೆ ಓದುವುದಕ್ಕೆ ನಿನಗೆ ಹನ್ನೊಂದು ವರ್ಷ ಹಿಡಿಯಿತು," ಎಂದರು ಗುರುಗಳು. "ಕೂತುಕೋ."

ಅವರು ಹೇಳಿದ ಕತೆ ಇದು.

ಒಬ್ಬ ಶಿಕ್ಷಕನಿದ್ದ. ಅವನು ಒಬ್ಬ ಕಠಿಣ ಗುರುವಿನ ಬಳಿ ಒಂಬತ್ತು ವರ್ಷ ಕಲಿತ. ಈ ವಿದ್ಯೆಯಲ್ಲಿ ಪಟ್ಟು ಹಾಕಿ ಕೈ ತಿರುಚಿದಾಗ, ಸಾಕು ಎನ್ನುವವನು ಬಾಯಿಬಿಟ್ಟು ಹೇಳುವುದಿಲ್ಲ. ಇನ್ನೊಂದು ಕೈಯಿಂದ ನೆಲದ ಹಾಸನ್ನು ತಟ್ಟುತ್ತಾನೆ. ತಟ್ಟಿದ ಕೂಡಲೇ ಬಿಡಬೇಕು. ಆ ಗುರುವಿನ ಮನೆಯಲ್ಲಿ ಮಾತ್ರ ಬೇರೆ ರೂಢಿ. ಮೊದಲನೆಯದು ಹೆದರಿಕೆ, ಎರಡನೆಯದು ನೋವು, ಮೂರನೆಯದಕ್ಕೆ ಬಿಡು ಎಂದು ಅಲ್ಲಿ ಕಲಿಸುತ್ತಿದ್ದರು. ಶಿಕ್ಷಕನ ಭುಜ ಎರಡು ಸಲ ಕಳಚಿತ್ತು. ಅದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ, ಮೂರ್ಖ. ಎಲ್ಲ ಕಡೆಯೂ ಹೀಗೇ ಎಂದುಕೊಂಡಿದ್ದ.

ಊರಿಗೆ ಬಂದು ಡೋಜೊ ತೆರೆದ. ಒಬ್ಬ ಹಮಾಲ ಕಲಿಯಲು ಬಂದ. ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಮೂಟೆ ಹೊರುವವನು. ಅಲ್ಲಿ ದಿನವೂ ಜಗಳ. ಕೈ ಮಾಡಿದರೆ ಕೆಲಸ ಹೋಗುತ್ತದೆ, ಹೊಡೆಯದೆ ತಡೆಯುವುದನ್ನು ಕಲಿಯಬೇಕು ಎಂದ. "ನೋವಾದರೆ ತಟ್ಟು, ಬಿಡುತ್ತೇನೆ," ಎಂದ ಶಿಕ್ಷಕ. ಎಷ್ಟು ಸಲ ಎಂದು ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ.

ನಾಲ್ಕನೆಯ ವಾರ ಶಿಕ್ಷಕ ಅವನ ಬಲಗೈ ಹಿಡಿದು ತಿರುಚಿದ. ಹಮಾಲ ತಟ್ಟಿದ. ಮತ್ತೆ ತಟ್ಟಿದ. ಶಿಕ್ಷಕ ಮೂರನೆಯದಕ್ಕೆ ಕಾದ. ಅಷ್ಟರಲ್ಲಿ ಭುಜ ಲಟಕ್ಕನೆ ಮುರಿಯಿತು.

"ಎರಡು ಸಲ ಬಡಿದ್ನಲ್ರೀ ಸರ್," ಎಂದ ಹಮಾಲ. ಅವನಿಗೆ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಮೂರು ಸಲ ತಟ್ಟಬೇಕು," ಎಂದ ಶಿಕ್ಷಕ. ಅವನ ಬಾಯಿಂದ ಬಂದ ಮೊದಲ ಮಾತೇ ಅದು. ಸಾಯುವ ತನಕ ಅವನು ಆ ಮಾತಿಗೆ ನಾಚಬೇಕು.

ಆಮೇಲೆ ಆ ಕೈ ಎದೆಯ ಮಟ್ಟ ದಾಟಿ ಮೇಲೇಳಲಿಲ್ಲ. ಶಿಕ್ಷಕ ಅಕ್ಕಿ ಬೇಳೆ ಕಟ್ಟಿಕೊಂಡು ಅವನ ಮನೆಗೆ ಹೋದ. ಹಮಾಲನ ಹೆಂಡತಿ ಚೀಲವನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡಳು. ಆರು ತಿಂಗಳ ಮೇಲೆ ಹಮಾಲ ಒಂದೇ ಕೈಯಲ್ಲಿ ಮೂಟೆ ಹೊರಲು ಹೋದ. ಗೋದಾಮಿನ ಮೆಟ್ಟಿಲ ಮೇಲೆ ಜಾರಿ ಬಿದ್ದ, ಮೂಟೆ ಕುತ್ತಿಗೆಯ ಮೇಲೆ ಬಿತ್ತು. ಬೀಳುವುದನ್ನು ಶಿಕ್ಷಕ ಅವನಿಗೆ ಚೆನ್ನಾಗಿಯೇ ಕಲಿಸಿದ್ದ. ಮೂಟೆಯ ಸಮೇತ ಬೀಳುವುದು ಆ ವಿದ್ಯೆಯಲ್ಲಿ ಇರಲಿಲ್ಲ. ಮಧ್ಯಾಹ್ನದೊಳಗೆ ಪ್ರಾಣ ಹೋಯಿತು.

ಮಣ್ಣು ಮಾಡಿ ಬಂದ ದಿನ ಶಿಕ್ಷಕ ಹಲಗೆಯ ಮೇಲಿದ್ದ ತನ್ನ ಗುರುವಿನ ಹೆಸರನ್ನೂ ಒಂಬತ್ತು ವರ್ಷವನ್ನೂ ಒರೆಸಿ ಹಾಕಿದ. ಆ ಜಾಗದಲ್ಲಿ ಹಮಾಲನ ಹೆಸರು ಬರೆದ. ಅಂದಿನಿಂದ, ಯಾರ ಬೆರಳು ಹಾಸನ್ನು ಸೋಕಿದರೂ ಶಿಕ್ಷಕನ ಹಿಡಿತ ತಾನಾಗಿ ಬಿಟ್ಟುಹೋಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಎದ್ದು ಹಲಗೆಯ ಮುಂದೆ ಹೋಗಿ ನಿಂತ. ಆಮೇಲೆ ಮೆಲ್ಲನೆ, "ಹಾಗಾದರೆ ನನ್ನ ಹೆಸರಿನ ಮುಂದೆ ನಿಮ್ಮ ಹೆಸರು ಬರೆಯಲೇ?" ಎಂದ.

"ಬೆಳಿಗ್ಗೆ ನೀನು ಕೈ ತಿರುಚಿ ಹಿಡಿದೆಯಲ್ಲ, ಆ ಹೆಣ್ಣುಮಗಳು ಎಷ್ಟು ಸಲ ತಟ್ಟಿದಳು?" ಎಂದರು ಗುರುಗಳು.