ಅಮಲ್ದಾರರಿಗೆ ಮನೆಪಾಠ

ಅಮಲ್ದಾರ್ ಭುಜಂಗರಾಯರ ಮಗಳು ತುಂಗಾಗೆ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ರಾಯರು ಕಚೇರಿಯ ಜವಾನ ಹುಚ್ಚೀರಯ್ಯನನ್ನು ಕರೆದು ಗುಡುಗಿದರು: "ಎಂಟು ದಿನದಲ್ಲಿ ಇವಳು ತಾನಾಗಿಯೇ ಓದಲು ಕೂರಬೇಕು. ಇಲ್ಲದಿದ್ದರೆ ನಿನಗೆ ಗಡಿ ತಾಲ್ಲೂಕಿಗೆ ವರ್ಗ!"

ಹುಚ್ಚೀರಯ್ಯ ಊರು ಬಿಡುವ ಹಾಗಿರಲಿಲ್ಲ. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ತಲೆ ಕೆರೆದುಕೊಂಡು ಹೇಳಿದ, "ಆಗಲಿ ಬುದ್ಧೀ. ಆದರೆ ಮಗೂನೇ ಮೇಷ್ಟ್ರು. ನೀವು ದಿನಾ ಸಂಜೆ ಅರ್ಧ ಗಂಟೆ ಶಿಷ್ಯರಾಗಿ ಕೂರಬೇಕು."

ರಾಯರು ಮೀಸೆ ತಿರುವುತ್ತಾ ಚಾಪೆಯ ಮೇಲೆ ಕೂತರು. ತುಂಗಾ ಮಗ್ಗಿ ಪುಸ್ತಕ ತೆರೆದಳು.

"ಹದಿನೇಳೆಂಟ್ಲ ಎಷ್ಟು?"

"ನೂರಾ... ಇಪ್ಪತ್ತಾರು?"

"ತಪ್ಪು! ಹತ್ತು ಸಲ ಬರೆದು ತೋರಿಸಪ್ಪಾ!"

ಅಪ್ಪನ ತಪ್ಪು ಹಿಡಿಯುವ ರುಚಿ ಹತ್ತಿತು ನೋಡಿ, ಹುಡುಗಿ ಶಾಲೆಯಿಂದ ಬಂದವಳೇ ಹೊಸ ಪ್ರಶ್ನೆ ಹುಡುಕಲು ಪುಸ್ತಕ ಹಿಡಿದು ಕೂರತೊಡಗಿದಳು.

ಎಂಟನೆಯ ದಿನ ರಾಯರು ಅಂಗಲಾಚಿದರು, "ಹುಚ್ಚೀರಯ್ಯ, ಅವಳು ಓದ್ತಿದಾಳೆ. ನಿನಗೆ ವರ್ಗವೂ ಇಲ್ಲ. ನನ್ನನ್ನು ಬಿಡಿಸಪ್ಪಾ!"

"ಅದು ನನ್ನ ಕೈಲಿಲ್ಲ ಬುದ್ಧೀ. ರಜಾ ಅರ್ಜಿ ಬರೆದುಕೊಡಿ, ಮೇಷ್ಟ್ರಿಗೆ ಮುಟ್ಟಿಸ್ತೀನಿ."

ಅರ್ಜಿ ಹೋಯಿತು. ಐದೇ ನಿಮಿಷಕ್ಕೆ ವಾಪಸು ಬಂತು. ಮೂರು ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದು, ತುಂಗಾ ಕೆಳಗೆ ದುಂಡಗೆ ಬರೆದಿದ್ದಳು: "ರಜಾ ಇಲ್ಲ. ನಾಳೆ ಹದಿನೆಂಟರ ಮಗ್ಗಿ."