ಚೆಲುವಿಗೆ ಕಾಲು ಹುಡುಕಿದವನು

ದ್ಯಾವಣ್ಣನಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಬುದ್ಧಿ ಹೇಳಿದರೆ ಹೆಗಲ ಮೇಲಿನ ವಲ್ಲಿಯ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದ. ಆ ಮಾತನ್ನು ಬಾಯಲ್ಲಿ ಮೂರು ಸಲ ಅಂದುಕೊಂಡು, ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಗಿ ಮಾಡಿ, "ಸಿಕ್ಕಿಬಿದ್ದೆಯಾ, ಇನ್ನೆಲ್ಲಿಗೆ ಹೋಗ್ತೀಯ?" ಅಂತ ಗಂಟಿನ ಜೊತೆಗೇ ಮಾತಾಡುತ್ತಿದ್ದ. ಕೇಳಿದ ಮಾತನ್ನು ಅವನು ಒಂದು ದಿನವೂ ಮರೆತವನಲ್ಲ. ಅವನ ತಾಯಿ ಸಿದ್ದವ್ವನ ದುಃಖವೇ ಅದು. ಮರೆತಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು!

ಎಮ್ಮೆ ಮೈ ತೊಳಿಯೋ ಅಂದರೆ ತೊಳೆದ. ತೊಳೆದದ್ದನ್ನು ಹಿಂಡಬೇಕು ಅಂತ ಹಿಂದೊಮ್ಮೆ ಅವ್ವ ಹೇಳಿದ್ದಳಲ್ಲ, ಹಿಂಡಲೂ ನೋಡಿದ. ಎಮ್ಮೆ ಒದ್ದ ಗುರುತು ಇನ್ನೂ ಮೊಣಕಾಲ ಮೇಲಿದೆ. ಮೀಸೆ ಬಂದ ಮಗ, ಒಂದು ಕಡೆಯೂ ಕೆಲಸ ನಿಲ್ಲಲಿಲ್ಲ.

ಕೊನೆಗೆ ಕೊಪ್ಪಲಿನ ಪಟೇಲ ಕರೀಗೌಡರ ಮನೆಯಲ್ಲಿ ಒಂದು ಕೆಲಸ ಸಿಕ್ಕಿತು. ಬೇರೆ ಯಾರೂ ಒಪ್ಪದ ಕೆಲಸ. ಗೌಡರ ಅಜ್ಜನ ಕಾಲದಿಂದಲೂ ಆ ಮನೆಯ ರಾಗಿ ಕಣಜಕ್ಕೆ ಹೆಬ್ಬಾವೇ ಕಾವಲು. ಇಲಿ ಹೆಗ್ಗಣ ತಿಂದುಕೊಂಡು ಕಣಜದ ಕೋಣೆಯ ಮೂಲೆಯ ಗೂಡಲ್ಲಿ ಬಿದ್ದಿರುತ್ತಿತ್ತು. ಈಗಿನದರ ಹೆಸರು ಚೆಲುವಿ. ಹತ್ತು ಮೊಳ ಉದ್ದ, ಒನಕೆಗಿಂತ ದಪ್ಪ, ಆದರೆ ಸಾಧು. ಅವಳನ್ನು ನೋಡಿಕೊಳ್ಳುವವನಿಗೆ ಹೊಟ್ಟೆಗೆ ಊಟ, ತಾಯಿ ಮಗ ಇರುವುದಕ್ಕೆ ಕಣಜದ ಪಕ್ಕದ ಕೋಣೆ. ಸಿದ್ದವ್ವನ ಬಾಳಿನಲ್ಲಿ ಸೋರದ ಸೂರು ಅದೇ ಮೊದಲು.

"ಮಗಾ, ದೊಡ್ಡೋರ ಮನೆ," ಅಂದಳು. "ನಿನಗಿಂತ ದೊಡ್ಡೋರು ಯಾರು ಕಂಡ್ರೂ ಮೊದ್ಲು ಕಾಲು ಮುಟ್ಟು. ಆಮೇಲೆ ಬೇರೆ ಕೆಲ್ಸ."

ದ್ಯಾವಣ್ಣ ಗಂಟು ಹಾಕಿದ. ಹೋದ. ಚೆಲುವಿಯನ್ನು ಕಂಡ. ಅವನಿಗಿಂತ ದೊಡ್ಡವಳೇ! ಬಗ್ಗಿದ. ಕಾಲು ಹುಡುಕಿದ. ಸುರುಳಿ ಬಿಡಿಸಿ ಹುಡುಕಿದ, ಮಗುಚಿ ಹುಡುಕಿದ. ಚೆಲುವಿ ನಾಲಗೆ ಚಾಚಿ ಅವನ ಮೂಗು, ಕಿವಿ ಎಲ್ಲ ಮೂಸಿ ನೋಡಿದಳು. ಬೆಚ್ಚಗಿದ್ದಾನೆ ಅನ್ನಿಸಿತೋ ಏನೋ, ಅವನ ಕತ್ತಿಗೆ ಒಂದು ಸುತ್ತು ಹಾಕಿ ಹಾಯಾಗಿ ತಲೆ ಇಟ್ಟಳು.

ಗೌಡರು ಬಂದರು. "ಏನ್ಲಾ ಹುಡುಕ್ತಿದ್ದೀಯ?"

"ಕಾಲು, ಗೌಡ್ರೇ. ಬಾಲದ ಹತ್ರ ಎರಡು ಉಗುರು ಸಿಕ್ಕಿದೊ. ಕಾಲು ಮಾತ್ರ ಎಲ್ಲಿ ಮಡಗವ್ಳೋ ಗೊತ್ತಾಗ್ತಿಲ್ಲ!"

"ಥೂ ಪೆದ್ದೇ! ಹಾವಿಗೆ ಕಾಲು ಎಲ್ಲಿಂದ ಬಂತೋ! ಕೇಳಿಲ್ಲಿ. ಬೆಳಿಗ್ಗೆ ಚಳಿಗೆ ಮರಗಟ್ಟಿ ಬಾಗಿಲಿಗೆ ಅಡ್ಡ ಬಿದ್ದಿರ್ತಾಳೆ. ತಲೆ ಹಿಡೀಬೇಡ, ಬಾಲ ಎಳೀಬೇಡ. ಎರಡೂ ಕೈ ನಡುವಿಗೆ ಕೊಟ್ಟು ಎತ್ತು, ಹೊರಗೆ ಬಿಸಿಲಲ್ಲಿ ಮಲಗ್ಸು."

ದ್ಯಾವಣ್ಣ ಗಂಟು ಹಾಕಿದ.

ಮಾರನೇ ಬೆಳಿಗ್ಗೆ ನಡುಮನೆಯ ಬಾಗಿಲಿಗೆ ಅಡ್ಡ ಒಬ್ಬರು ಮಲಗಿದ್ದರು. ಗೌಡರ ಅತ್ತೆ ನಿಂಗಾಜಮ್ಮ, ಮಗಳ ಮನೆಗೆಂದು ಬಂದಿದ್ದವರು, ಚಳಿಗೆ ಕಂಬಳಿ ಮುಸುಕೆಳೆದು ಮುದುರಿದ್ದರು. ದ್ಯಾವಣ್ಣ ತಲೆ ಹಿಡಿಯಲಿಲ್ಲ. ಕಾಲು ಎಳೆಯಲಿಲ್ಲ. ಎರಡೂ ಕೈ ನಡುವಿಗೆ ಕೊಟ್ಟ, ಎತ್ತಿದ, ಕಣಕ್ಕೆ ಹೊತ್ತುಕೊಂಡು ಹೋಗಿ ಎಳೆಬಿಸಿಲಲ್ಲಿ ಹುಲ್ಲಿನ ಮೇಲೆ ಮಲಗಿಸಿದ.

"ಅಯ್ಯಯ್ಯೋ! ನನ್ನ ಹೊತ್ಕೊಂಡೋದ್ನಪ್ಪೋ!" ನಿಂಗಾಜಮ್ಮ ಅವನ ಜುಟ್ಟು ಹಿಡಿದರು. "ಗೌಡ್ರೇ, ಚೆಲುವಿ ಹಿಂಗೆಲ್ಲ ಕೂಗಲ್ಲ," ಅಂದ ದ್ಯಾವಣ್ಣ, ಓಡಿ ಬಂದ ಗೌಡರಿಗೆ.

ಗೌಡರು ಹಣೆ ಚಚ್ಚಿಕೊಂಡರು. "ಲೇ, ಮುಟ್ಟೋಕೆ ಮುಂಚೆ ತಿಳಿಸ್ಬೇಕು ಕಣೋ! ಚೆಲುವಿಗೂ ಅಷ್ಟೇ. ಹಸಿದಾಗ ಕೈ ಕಂಡ್ರೆ ಕೋಳಿ ಅಂದ್ಕೊಂಡು ಬಾಯಿ ಹಾಕ್ತಾಳೆ. ಮೊದ್ಲು ಕೋಲಿನ ತುದೀಲಿ ಮೆಲ್ಲಗೆ ಎರಡು ಸಲ ತಟ್ಟಿ, ನಾನು ಊಟ ಅಲ್ಲ ಅಂತ ಗೊತ್ತು ಮಾಡು."

ದ್ಯಾವಣ್ಣ ಗಂಟು ಹಾಕಿದ.

ಎರಡು ದಿನಕ್ಕೆ ಗೌಡರ ಬೀಗರು ಬಂದರು. ಎಲೆ ಹಾಕಿತ್ತು, ಬೀಗರು ಬಹಳ ಹಸಿದಿದ್ದರು. ದ್ಯಾವಣ್ಣ ಒಂದು ಕೈಯಲ್ಲಿ ನೀರಿನ ಚೊಂಬು, ಒಂದು ಕೈಯಲ್ಲಿ ಕೋಲು ಹಿಡಿದು ಬಂದ. ಬೀಗರ ಪೇಟದ ಮೇಲೆ ಟಕ್, ಟಕ್! "ಸ್ವಾಮೀ, ನಾನು ಊಟ ಅಲ್ಲ. ನೀರು ತಂದೋನು."

ಪೇಟ ಹೋಗಿ ಸಾರಿನಲ್ಲಿ ಬಿತ್ತು.

ಆವತ್ತು ಗೌಡರು ಬೈದದ್ದು ಮೂರು ಬೀದಿಗೆ ಕೇಳಿತು. ಕಣಜದ ಉಸ್ತುವಾರಿ ನೋಡುವ ಜವರಪ್ಪನೂ ಬಂದು ಪಕ್ಕದಲ್ಲಿ ನಿಂತ. "ನಾನು ಮೊದ್ಲೇ ಅನ್ನಲಿಲ್ವೆ ಗೌಡ್ರೇ? ಕಣಜದಲ್ಲಿ ರಾಗಿ ದಿನಾ ಇಳೀತಿದೆ. ಇಲಿ ತಿಂತಿದಾವೆ, ನಿಮ್ಮ ಹಾವು ನಿದ್ದೆ ಹೊಡೀತಿದೆ. ಹಾವನ್ನೂ ಕಾಡಿಗೆ ಬಿಡಿ, ಈ ಪೆದ್ದನ್ನೂ ಓಡ್ಸಿ." ಮಾತೇನೋ ಜೋರು. ಆದರೆ ಚೆಲುವಿ ಗೂಡಿನಿಂದ ತಲೆ ಹೊರಗೆ ಹಾಕಿದರೆ ಈ ಜವರಪ್ಪ ಕಣಜದ ಹೊಸಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

ಗೌಡರು ದ್ಯಾವಣ್ಣನ ಕಿವಿ ಹಿಂಡಿದರು. "ಮನುಷ್ಯರ ತಂಟೆ ಬೇಡ ನಿನಗೆ! ಚೆಲುವಿ ಕಣ್ಣು ನೋಡ್ತಿರು. ಹಾಲು ಬಿದ್ದಂಗೆ ಮಂಜಾದ್ರೆ ಪೊರೆ ಬಿಡೋ ಕಾಲ. ಕಣ್ಣು ಕಾಣಲ್ಲ, ಸಿಡುಕು ಜಾಸ್ತಿ. ಆಗ ಮಾತಾಡಿಸ್ಬೇಡ, ಒದ್ದೆ ಗೋಣಿತಾಟು ಹೊದಿಸು. ಪೊರೆ ಸಲೀಸಾಗಿ ಕಳಚ್ತದೆ."

ಗಂಟು ಬಿತ್ತು. ಅದನ್ನು ಕಂಡು ಸಿದ್ದವ್ವ ಮನೆದೇವರಿಗೆ ಕೈ ಮುಗಿದಳು.

ಗೌಡರ ತಂದೆ ದೊಡ್ಡಯ್ಯನಿಗೆ ಎಂಬತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದು ಹಾಲಿನಂತಾಗಿತ್ತು. "ಯಾವನೋ ಅವ್ನು? ಎಲಡಿಕೆ ತಾರೋ ದರಿದ್ರದವ್ನೇ!" ಅಂತ ಜಗಲಿಯಿಂದ ಸಿಡುಕಿದರು. ದ್ಯಾವಣ್ಣ ಹತ್ತಿರ ಹೋಗಿ ಕಣ್ಣು ನೋಡಿದ. ಹಾಲು ಬಿದ್ದಂಗೆ ಮಂಜು! ಸಿಡುಕೂ ಜಾಸ್ತಿ! ತುಟಿ ಎರಡು ಮಾಡಲಿಲ್ಲ. ಬಾವಿಯ ನೀರಲ್ಲಿ ಗೋಣಿತಾಟು ಅದ್ದಿ ತಂದು ತಲೆಯಿಂದ ಕಾಲಿನವರೆಗೂ ಹೊದಿಸಿ, ಹೊಸ ಚರ್ಮ ಬರುವುದನ್ನು ನೋಡುತ್ತಾ ಎದುರಿಗೇ ಕೂತ.

ದೊಡ್ಡಯ್ಯನಿಗೆ ಚರ್ಮ ಬರಲಿಲ್ಲ, ನೆಗಡಿ ಬಂತು.

ಈ ಸಲ ಗೌಡರು ಬೈಯಲಿಲ್ಲ. ಅದಕ್ಕೇ ಸಿದ್ದವ್ವನಿಗೆ ಹೆದರಿಕೆಯಾಯಿತು. ತಣ್ಣಗೆ ಅಂದರು, "ಸಿದ್ದವ್ವಾ, ನಾಳೆ ನಾವೆಲ್ಲ ಮದುವೆಗೆ ಹೋಗ್ತಿದೀವಿ. ಬರೋ ಹೊತ್ತಿಗೆ ನಿನ್ನ ಮಗ ಇನ್ನೊಂದು ಎಡವಟ್ಟು ಮಾಡಿದ್ರೂ, ಕಣಜದ ರಾಗಿ ಇನ್ನೊಂದು ಗೇಣು ಇಳಿದಿದ್ರೂ, ಹಾವು ಕಾಡಿಗೆ. ನೀವಿಬ್ರೂ ಕೋಣೆ ಖಾಲಿ ಮಾಡ್ಬೇಕು."

ಆಮೇಲೆ ದ್ಯಾವಣ್ಣನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಕೊನೇ ಸಲ ಹೇಳ್ತೀನಿ. ಚೆಲುವಿ ಇವತ್ತೋ ನಾಳೆಯೋ ಹೆಗ್ಗಣ ಹಿಡೀತಾಳೆ. ಹೊಟ್ಟೆ ಉಬ್ಬಿದ್ರೆ ಊಟ ಆಗಿದೆ ಅಂತ. ಉಂಡ ಮೇಲೆ ಮುಟ್ಟಿದ್ರೆ, ಹೆದರಿಸಿದ್ರೆ, ತಿಂದದ್ದನ್ನೆಲ್ಲ ಕಕ್ಕಿಬಿಡ್ತಾಳೆ. ಅದಕ್ಕೇ ಬಾಗಿಲು ಎಳಿ, ಬೀಗ ಹಾಕು. ಎಂಟು ದಿನ ತೆಗೀಬೇಡ. ಸದ್ದು ಮಾಡ್ಬೇಡ. ಯಾರು ಕೇಳಿದ್ರೂ ಬೀಗದಕೈ ಕೊಡ್ಬೇಡ. ನಾನು ಕೇಳಿದ್ರೂ ಕೊಡ್ಬೇಡ!"

ದ್ಯಾವಣ್ಣ ಐದನೇ ಗಂಟು ಹಾಕಿದ. ಅದರೊಳಗೆ ಗೌಡರು ಕೊಟ್ಟ ಬೀಗದಕೈಯನ್ನೂ ಇಟ್ಟು ಹಲ್ಲಲ್ಲಿ ಕಚ್ಚಿ ಬಿಗಿದ.

ಮಾರನೇ ದಿನ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೋದರು. ಜವರಪ್ಪ ಮಾತ್ರ ಹೊಟ್ಟೆನೋವು ಅಂತ ಉಳಿದುಕೊಂಡ. ಚೆಲುವಿ ಗೂಡಿನೊಳಗೆ ಸುರುಳಿ ಸುತ್ತಿಕೊಂಡಿದ್ದಳು. ಮಧ್ಯಾಹ್ನ ದ್ಯಾವಣ್ಣ ಕಣಜದ ಕೋಣೆಗೆ ಇಣುಕಿದರೆ, ಜವರಪ್ಪ ಅತ್ತ ಮುಖ ಮಾಡಿ ಕಂಬಳಿ ಸರಿಮಾಡಿಕೊಳ್ಳುತ್ತಿದ್ದಾನೆ. ಬೆಳಿಗ್ಗೆ ಸೀಗೇಕಾಯಿಯಂತಿದ್ದ ಮನುಷ್ಯನಿಗೆ ಕಂಬಳಿಯೊಳಗೆ ಗುಡಾಣದಂಥ ಹೊಟ್ಟೆ!

ಹೊಟ್ಟೆ ಉಬ್ಬಿದೆ. ಊಟ ಆಗಿದೆ. ದ್ಯಾವಣ್ಣ ಉಸಿರು ಬಿಗಿಹಿಡಿದ. ತುದಿಗಾಲಲ್ಲಿ ಹಿಂದೆ ಸರಿದ. ಬಾಗಿಲು ಎಳೆದ. ಬೀಗ ಹಾಕಿದ. ಜಗಲಿಯ ಮೇಲೆ ಕೂತು ತುಟಿಯ ಮೇಲೆ ಬೆರಳಿಟ್ಟ.

"ಯಾವನೋ ಅದು? ತೆಗಿಯೋ ಬಾಗ್ಲಾ!"

ದ್ಯಾವಣ್ಣ ಸದ್ದು ಮಾಡಲಿಲ್ಲ.

"ಲೋ, ಗೂಡಿಂದ ಹೊರಗೆ ಬರ್ತಿದೆ ಕಣೋ!"

ಸದ್ದಿಲ್ಲ.

ಸಿದ್ದವ್ವ ಓಡಿ ಬಂದಳು. ಬೀಗ ನೋಡಿದಳು, ಒಳಗಿನ ಬೊಬ್ಬೆ ಕೇಳಿದಳು, ಕುಸಿದು ಕೂತಳು. "ಮುಗೀತು. ಕೋಣೆ ಹೋಯ್ತು. ಏನ್ಲಾ ಮಾಡಿದೆ ಮಗನೇ!" ಮಗ ಅವಳ ಬಾಯಿಯ ಮೇಲೂ ಒಂದು ಬೆರಳಿಟ್ಟ.

ಇಳಿಹೊತ್ತಿಗೆ ಗಾಡಿಗಳು ಬಂದವು. ಒಳಗಿಂದ ಜವರಪ್ಪ ಹಾಡಿ ಹಾಡಿ ಅಳುತ್ತಿದ್ದ. "ಗೌಡ್ರೇ! ನಾನೇ ಗೌಡ್ರೇ! ಇಲಿ ಅಲ್ಲ, ನಾನೇ ತಿಂದದ್ದು! ದಿನಾ ಒಂದು ಚೀಲ ಹೊಟ್ಟೆಗೆ ಕಟ್ಕೊಂಡು ಸಾಗಿಸ್ತಿದ್ದೆ! ಇವತ್ತಿಂದೂ ಹೊಟ್ಟೆ ಮೇಲೇ ಐತೆ! ಚೆಲುವಿ ಬಂದು ಅದರ ಮೇಲೇ ತಲೆ ಇಟ್ಟವ್ಳೆ!"

ಗೌಡರು ಕಿಟಕಿಯಲ್ಲಿ ಇಣುಕಿ ನೋಡಿದರು. ನಿಜ. ಜವರಪ್ಪ ಗೋಡೆಗೊರಗಿ ಕಂಬದಂತೆ ಕೂತಿದ್ದಾನೆ. ಬೆಚ್ಚನೆಯ ಮೈ, ಮೆತ್ತನೆಯ ರಾಗಿ ಚೀಲ ಸಿಕ್ಕಿದ ಚೆಲುವಿ ಅವನ ಮಡಿಲಲ್ಲಿ ಮಗುವಿನಂತೆ ಬಿದ್ದುಕೊಂಡು, ಆಗೊಮ್ಮೆ ಈಗೊಮ್ಮೆ ನಾಲಗೆ ಚಾಚಿ ಅವನ ಗದ್ದ ಮೂಸುತ್ತಿದ್ದಾಳೆ. ಅಷ್ಟೇ. ಒಂದು ಗೀರೂ ಇಲ್ಲ.

ಗೌಡರು ನಕ್ಕರು. ನಿಂಗಾಜಮ್ಮ ನಕ್ಕರು. ದೊಡ್ಡಯ್ಯ ಸೀನುತ್ತಾ ನಕ್ಕರು. ಬೀದಿಗೆ ಬೀದಿಯೇ ಬಂದು ಸೇರಿತು. ಗೌಡರು ಕೂಗಿ ಹೇಳಿದರು, "ಊರೆಲ್ಲ ಕೇಳಿಸ್ಕೊಳ್ರಪ್ಪಾ! ಕಳ್ಳನ್ನ ಹಿಡಿದೋನು ನಮ್ಮ ದ್ಯಾವಣ್ಣ. ಚೆಲುವಿ ಇಲ್ಲೇ ಇರ್ತಾಳೆ. ಆ ಕೋಣೆ ಇವತ್ತಿಂದ ಸಿದ್ದವ್ವಂದೇ. ಯಾರೂ ಖಾಲಿ ಮಾಡಿಸೋ ಹಂಗಿಲ್ಲ!"

ಸಿದ್ದವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು ನೆಟ್ಟಗೆ ಎದ್ದು ನಿಂತಳು. ಊರಿನ ಮುಂದೆ ಅವಳು ಹಾಗೆ ನಿಂತು ಎಷ್ಟೋ ವರ್ಷವಾಗಿತ್ತು. "ನನ್ನ ಮಗ, ಗೌಡ್ರೇ," ಅಂದಳು. "ಹೇಳಿದ ಮಾತು ಮರೆಯೋನಲ್ಲ."

"ಸರಿ ಕಣಪ್ಪಾ, ಬಾಗಿಲು ತೆಗಿ ಈಗ," ಅಂದರು ಗೌಡರು.

ದ್ಯಾವಣ್ಣ ತುಟಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಕೈಯ ಬೆರಳುಗಳನ್ನು ಮಡಚಿ ಬಿಚ್ಚಿ ಎಂಟು ತೋರಿಸಿದ. ವಲ್ಲಿಯ ಐದನೇ ಗಂಟನ್ನು ಬಾಯೊಳಗೆ ಹಾಕಿಕೊಂಡು ಗಟ್ಟಿಯಾಗಿ ಕಚ್ಚಿದ.

ಒಳಗೆ ಜವರಪ್ಪ ಅಳುತ್ತಿದ್ದ. ಹೊರಗೆ ಗಾಡಿ ಇಳಿದ ಇಪ್ಪತ್ತು ಜನ ಹಸಿದು ನಿಂತಿದ್ದರು. ಮನೆಯ ರಾಗಿಯೆಲ್ಲ ಬೀಗದ ಆಚೆಗಿತ್ತು. ಕೊಪ್ಪಲಿನ ಪಟೇಲ ಕರೀಗೌಡರು ಪೇಟ ತೆಗೆದು ಪಕ್ಕಕ್ಕಿಟ್ಟು, ದ್ಯಾವಣ್ಣನ ಕಾಲ ಕೆಳಗಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಜೋಡಿಸಿದರು.

"ದ್ಯಾವಣ್ಣಾ, ನಮ್ಮಪ್ಪಾ, ನನ್ನ ದೊರೇ... ಮುದ್ದೆ ಮಾಡೋಕೆ ಹಿಟ್ಟಿಲ್ಲ ಕಣೋ. ಆ ಬೀಗದಕೈ ಒಂದು ಕೊಡೋ!"